ಬಾಗಿಲು ಹಾಕಿದ ಹೋಟೆಲ್ಲೂ, ನನ್ನ ಕೋಡೂ

ಹೋದ ತಿಂಗಳು ಊರಲ್ಲೊಂದು ಉಪನಯನ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಸೋದರಮಾವ. ಸಾರು ಮುಗಿದು ಹುಳಿ ಬರುವ ಹೊತ್ತಿಗೆ ಕೇಳಿದರು, "ಅಲ್ಲ ಮಾರಾಯ, ನೀನು ಬೆಂಗ್ಳೂರಲ್ಲಿ ಎಂತ ಕೆಲ್ಸ ಮಾಡೋದು ಈಗ?"

ಈ ಪ್ರಶ್ನೆಗೆ ಹದಿನೈದು ವರ್ಷದಿಂದ "ಸಾಫ್ಟ್‌ವೇರ್ ಮಾವ" ಅಂತ ಹೇಳಿ ಪಾರಾಗ್ತಾ ಬಂದಿದ್ದೆ. ಅವತ್ತು ಯಾಕೋ ಪೂರ್ತಿ ಹೇಳಿಬಿಡೋಣ ಅನ್ನಿಸ್ತು. "ಹೋಟೆಲ್‌ನವರಿಗೆ ಬಿಲ್ಲಿಂಗ್ ಮಿಷಿನ್ನು, ಕ್ಯೂಆರ್ ಕೋಡು ಕೊಡೋ ಕಂಪನಿ ಮಾವ. ಆ ಮಿಷಿನ್ನಲ್ಲಿ ಎಷ್ಟು ವ್ಯಾಪಾರ ಆಗ್ತಿದೆ ಅಂತ ನೋಡ್ಕೊಂಡು ಅವ್ರಿಗೆ ಸಾಲ ಕೊಡಿಸ್ತೀವಿ, ದಿನಾ ದಿನಾ ಕಂತು ವಸೂಲಿ ಮಾಡ್ತೀವಿ. ಅದರ ಲೆಕ್ಕ ಇಡೋ ಸಾಫ್ಟ್‌ವೇರ್ ನಂದು."

ಮಾವ ಅನ್ನ ಕಲಸೋದು ನಿಲ್ಲಿಸಿದರು. "ಅಂದ್ರೆ ಬಡ್ಡಿ ವ್ಯಾಪಾರ!"

"ಹಾಗಲ್ಲ ಮಾವ, ನಾನು ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್..."

"ಹೌದು ಮಾರಾಯ. ಬಡ್ಡಿ ವ್ಯಾಪಾರದಲ್ಲಿ ಸೀನಿಯರ್."

ಆಚೀಚೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಹೋಳಿಗೆ ಬಂತು, ವಿಷಯ ಮರೆತುಹೋಯ್ತು. ಆದರೆ ವಾಪಸ್ ಬರುವಾಗ ರಾತ್ರಿ ಬಸ್ಸಲ್ಲಿ ನಿದ್ದೆ ಬರ್ಲಿಲ್ಲ. ಮಾವ ತಮಾಷೆಗೆ ಹೇಳಿದ್ದು ಹೌದು, ಆದರೆ ಅವರು ಸುಮ್ಮನೆ ಬಾಯಿಗೆ ಬಂದದ್ದು ಹೇಳುವ ಜನ ಅಲ್ಲ. ಮೂವತ್ತು ವರ್ಷ ಸಾಗರದ ಕಡೆ ಒಂದು ಸಣ್ಣ ಹೋಟ್ಲು ನಡೆಸಿದವರು. ನಾಲ್ಕು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಬೆಳಿಗ್ಗೆ ಅವಲಕ್ಕಿ-ಮೊಸರು, ಇಡ್ಲಿ, ಮಧ್ಯಾಹ್ನ ಊಟ ಇಲ್ಲ, ಸಂಜೆ ಗೋಳಿಬಜೆ. ನನ್ನ ಬೇಸಿಗೆ ರಜೆಗಳೆಲ್ಲ ಆ ಗಲ್ಲಾಪೆಟ್ಟಿಗೆ ಹತ್ತಿರವೇ ಕಳೆದದ್ದು.

ಮಾವನ ಹತ್ತಿರ ಒಂದು ಉದ್ದನೆಯ ಖಿರ್ದಿ ಪುಸ್ತಕ ಇತ್ತು, ಕೆಂಪು ಬಟ್ಟೆಯ ರಟ್ಟಿನದ್ದು. ಒಂದ್ಸಲ ನಾನು ಹಾಲಿನವನ ಲೆಕ್ಕ ತಪ್ಪು ಬರೆದು, ರಬ್ಬರ್ ತಗೊಂಡು ಉಜ್ಜೋಕೆ ಹೋಗಿ ಕಿವಿ ಹಿಂಡಿಸಿಕೊಂಡಿದ್ದೆ. ಖಿರ್ದಿಯಲ್ಲಿ ಅಳಿಸಬಾರದು. ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿ ಮಾಡಬೇಕು, ಯಾಕೆ ಅಂತಲೂ ಬರೀಬೇಕು. ಇಪ್ಪತ್ತೈದು ವರ್ಷ ಆದಮೇಲೆ ಆಫೀಸಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ನಾನು ಬೋರ್ಡಿನ ಮೇಲೆ ಬರೆದು ಹೇಳಿಕೊಡೋ ಮೊದಲ ಪಾಠವೂ ಇದೇ. ಲೆಡ್ಜರ್ ಟೇಬಲ್‌ನಲ್ಲಿ ಅಪ್‌ಡೇಟ್ ಇಲ್ಲ, ಡಿಲೀಟ್ ಇಲ್ಲ, ಇನ್ಸರ್ಟ್ ಮಾತ್ರ. ಅವರು ಇದನ್ನ ದೊಡ್ಡ ಆರ್ಕಿಟೆಕ್ಚರ್ ಅಂತ ನೋಟ್ಸ್ ಮಾಡ್ಕೊಳ್ತಾರೆ. ನನಗೆ ಕಿವಿ ಚುರುಗುಟ್ಟುತ್ತೆ :-)

ಇನ್ನೊಂದು ನೆನಪು ಪಿಗ್ಮಿಯವನದ್ದು. ಸಂಜೆ ಐದರ ಹೊತ್ತಿಗೆ ಸೈಕಲ್ಲಲ್ಲಿ ಬರ್ತಿದ್ದ. ಒಂದು ಚಾ ಕುಡಿದು, ಮಾವ ಕೊಟ್ಟ ಹತ್ತೋ ಇಪ್ಪತ್ತೋ ರೂಪಾಯಿ ಬರ್ಕೊಂಡು ಹೋಗ್ತಿದ್ದ. ಈ ಪಿಗ್ಮಿ ಅನ್ನೋದು ನಮ್ಮ ಕರಾವಳಿಯ ಕೂಸು ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಬಹುದು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯ್ತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು) 1928ರಲ್ಲಿ ಇದನ್ನ ತಂದಿದ್ದು. ದಿನಕ್ಕೆ ಎರಡಾಣೆ ಉಳಿಸೋನ ಮನೆಬಾಗಿಲಿಗೂ ಬ್ಯಾಂಕೇ ನಡ್ಕೊಂಡು ಬರೋದು. ಸಣ್ಣ ಹೋಟ್ಲು, ಬೀಡಾ ಅಂಗಡಿ, ಕಟಿಂಗ್ ಶಾಪುಗಳ ದುಡ್ಡು ಹೇಗೆ ಬರುತ್ತೆ ಅಂತ ಸರಿಯಾಗಿ ಅರ್ಥ ಮಾಡ್ಕೊಂಡವರು ಮಾಡಿದ ಕೆಲಸ ಅದು. ತಿಂಗಳ ಸಂಬಳ ಅನ್ನೋದು ಅಲ್ಲಿಲ್ಲ, ದಿನದ ಗಲ್ಲಾ ಮಾತ್ರ ಇರೋದು.

ನಾನು ಈಗ ಮಾಡ್ತಿರೋದು ಅದೇ ಪಿಗ್ಮಿ, ತಿರುಗಾಮುರುಗಾ. ಅಲ್ಲಿ ದಿನಾ ಕೊಟ್ಟು ಕೊನೆಗೆ ತಗೊಳ್ಳೋದು, ಇಲ್ಲಿ ಮೊದಲೇ ತಗೊಂಡು ದಿನಾ ಕೊಡೋದು. ವ್ಯತ್ಯಾಸ ಅಷ್ಟೇ ಅಂತ ಬಹಳ ದಿನ ಅಂದ್ಕೊಂಡಿದ್ದೆ. ಅಷ್ಟೇ ಅಲ್ಲ ಅಂತ ಗೊತ್ತಾಗಿದ್ದು ಒಬ್ಬ ಮಿಲಿಟರಿ ಹೋಟೆಲ್ ಗೌಡರಿಂದ. ಆ ಕಥೆ ಆಮೇಲೆ ಹೇಳ್ತೀನಿ, ಮೊದಲು ಈ ವ್ಯವಹಾರ ಏನು ಅಂತ ಸ್ವಲ್ಪ ಹೇಳದಿದ್ರೆ ಅರ್ಥ ಆಗಲ್ಲ.

ಕ್ಯೂಆರ್ ಹಾಕಿಕೊಟ್ಟು, "ಐವತ್ತು ರೂಪಾಯಿ ಬಂದಿದೆ" ಅಂತ ಕೂಗೋ ಡಬ್ಬ ಇಟ್ಟುಕೊಟ್ಟು ನಮ್ಮಂಥ ಕಂಪನಿಗಳಿಗೆ ಏನು ಲಾಭ ಅಂತ ಎಂದಾದ್ರೂ ಯೋಚನೆ ಮಾಡಿದೀರಾ? ನೀವು ದೋಸೆ ತಿಂದು ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಹೋಟೆಲ್‌ನವರಿಂದ ಒಂದು ಪೈಸೆ ಶುಲ್ಕ ಹಿಡಿಯೋ ಹಾಗಿಲ್ಲ ಅಂತ ಸರ್ಕಾರ 2020ರ ಜನವರಿಯಲ್ಲೇ ಹೇಳಿಬಿಟ್ಟಿತು. ಹೋಟೆಲ್‌ನವರಿಗೆ ಒಳ್ಳೇದಾಯ್ತು, ನಮ್ಮವರಿಗೆ ಹೊಟ್ಟೆಪಾಡಿನ ಪ್ರಶ್ನೆ ಬಂತು. ಡಬ್ಬದ ಬಾಡಿಗೆ ಬರುತ್ತೆ ನಿಜ, ಅದು ಉಪ್ಪಿನಕಾಯಿಗಾಯ್ತು. ಊಟ ಇರೋದು ಸಾಲದಲ್ಲಿ. ದಿನದ ವ್ಯಾಪಾರ ನಮ್ಮ ಕಣ್ಣೆದುರೇ ಹಾದುಹೋಗುತ್ತೆ, ಹಾಗಾಗಿ ಯಾರಿಗೆ ಎಷ್ಟು ಕೊಡಬಹುದು ಅನ್ನೋದು ಬ್ಯಾಂಕಿಗಿಂತ ಚೆನ್ನಾಗಿ ನಮಗೆ ಗೊತ್ತು. ಗೊತ್ತು ಅನ್ನೋದು ಕಂಪನಿಯ ನಂಬಿಕೆ.

ಸಾಲ ಕೊಡೋದು ನಾವಲ್ಲ, ಒಂದು ಹಣಕಾಸು ಸಂಸ್ಥೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ತಂದ ನಿಯಮದ ಪ್ರಕಾರ ದುಡ್ಡು ಅವರಿಂದ ನೇರ ಹೋಟೆಲ್‌ನವರ ಖಾತೆಗೆ ಹೋಗಬೇಕು, ಮಧ್ಯದಲ್ಲಿ ನಮ್ಮ ಖಾತೆಯಲ್ಲಿ ನಿಂತು ಚಾ ಕುಡಿಯೋ ಹಾಗಿಲ್ಲ. ಒಳ್ಳೆ ನಿಯಮವೇ. ಆದರೆ ಯಾವತ್ತು ಎಷ್ಟು ವಸೂಲಿ ಮಾಡಬೇಕು, ಸಿಗದಿದ್ದರೆ ಏನು ಮಾಡಬೇಕು ಅಂತ ದಿನಾ ಬೆಳಿಗ್ಗೆ ತೀರ್ಮಾನ ಮಾಡೋದು ಮಾತ್ರ ನಮ್ಮ ಸರ್ವರ್‌ನಲ್ಲಿ ಓಡೋ ಪ್ರೋಗ್ರಾಮು. ಅದನ್ನ ಬರೆದವನು ನಾನು.

ಜನ ಅಂದ್ಕೊಳ್ಳೋದು ಈ ಕೆಲಸದಲ್ಲಿ ದೊಡ್ಡ ದೊಡ್ಡ ಗಣಿತ ಇರುತ್ತೆ ಅಂತ. ಅಂಥದ್ದೇನಿಲ್ಲ. ಕಷ್ಟ ಇರೋದು ಸಣ್ಣ ಸಣ್ಣ ಕಡೆ. ದುಡ್ಡನ್ನ ರೂಪಾಯಿಯ ದಶಮಾಂಶದಲ್ಲಿ ಇಡಬಾರದು, ಪೈಸೆಯ ಪೂರ್ಣಾಂಕದಲ್ಲಿ ಇಡಬೇಕು (ಕಂಪ್ಯೂಟರಿಗೆ 0.1ಕ್ಕೆ 0.2 ಕೂಡಿಸು ಅಂದ್ರೆ 0.30000000000000004 ಅನ್ನುತ್ತೆ, ಯಾರಾದ್ರೂ ನಂಬದಿದ್ರೆ ಮಾಡಿ ನೋಡಿ). ಡಬ್ಬ ಕೂಗಲಿಲ್ಲ ಅಂತ ಗಿರಾಕಿ ಎರಡು ಸಲ ಪೇ ಮಾಡಿದ್ರೆ ಒಂದನ್ನ ವಾಪಸ್ ಕೊಡಬೇಕು, ಅಷ್ಟರೊಳಗೆ ಆ ಎರಡನೆಯದನ್ನೂ ವ್ಯಾಪಾರ ಅಂತ ಲೆಕ್ಕಕ್ಕೆ ತಗೊಂಡಿರಬಾರದು. ಇನ್ನು "ಇವತ್ತು" ಅಂದ್ರೆ ಏನು? ದರ್ಶಿನಿಯ ದಿನ ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತೆ. ಬಾರ್ ಅಂಡ್ ರೆಸ್ಟೋರೆಂಟಿನ ಶನಿವಾರ ಮುಗಿಯೋದು ಭಾನುವಾರ ಬೆಳಗಿನ ಜಾವ ಒಂದಕ್ಕೆ. ನಮ್ಮ ಪ್ರೋಗ್ರಾಮು ಹನ್ನೆರಡಕ್ಕೆ ಸರಿಯಾಗಿ ಗೆರೆ ಎಳೆದು, ಅವರ ಶನಿವಾರದ ಅರ್ಧ ವ್ಯಾಪಾರವನ್ನ ಭಾನುವಾರಕ್ಕೆ ಬರೀತಿತ್ತು. ಬಾರ್ ಮಾಲೀಕರೊಬ್ಬರು ಫೋನ್ ಮಾಡಿ "ಸ್ವಾಮಿ, ನೀವು ರಾತ್ರಿ ಬೇಗ ಮಲಗ್ತೀರಾ?" ಅಂದಮೇಲೆ ಅದು ಸರಿಹೋಯ್ತು.

ಇಂಥದ್ದೆಲ್ಲ ಕೋಡ್ ಓದಿದ್ರೆ ಸಿಗಲ್ಲ. ಒಂದು ಉದಾಹರಣೆ ಹೇಳ್ತೀನಿ, ಇದನ್ನ ನಾನು ಆಫೀಸಲ್ಲಿ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ.

ಒಂದು ಆಗಸ್ಟಿನಲ್ಲಿ ನಮ್ಮ ಸಿಸ್ಟಮ್ಮು ಇದ್ದಕ್ಕಿದ್ದ ಹಾಗೆ ಒಂದಷ್ಟು ಹೋಟೆಲ್‌ಗಳ ಎದುರು ಕೆಂಪು ಬಾವುಟ ಹಾರಿಸೋಕೆ ಶುರುಮಾಡ್ತು. ವ್ಯಾಪಾರ ಬಿದ್ದುಹೋಗಿದೆ, ಇವರಿಗೆ ಹೊಸ ಸಾಲ ಕೊಡಬೇಡಿ, ಹಳೇ ಸಾಲ ಹುಷಾರು ಅಂತ. ಟೀಮಿನ ಹುಡುಗರು ಎರಡು ದಿನ ಡೇಟಾ ಜಾಲಾಡಿದರು. ಮಳೆ ಇರಬಹುದು, ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದಿರಬಹುದು ಅಂತೆಲ್ಲ ವಾದ ಆಯ್ತು. ನಾನು ಲಿಸ್ಟು ತರಿಸಿಕೊಂಡು ಹೆಸರುಗಳನ್ನ ಓದಿದೆ. ಮಿಲಿಟರಿ ಹೋಟೆಲ್, ನಾಟಿ ಸ್ಟೈಲ್, ಬಿರಿಯಾನಿ ಪಾಯಿಂಟ್, ಮತ್ತೊಂದು ಮಿಲಿಟರಿ ಹೋಟೆಲ್...

"ಇದು ಶ್ರಾವಣ ಕಣ್ರೋ" ಅಂದೆ.

ಮೂವತ್ತು ದಿನದ ಸರಾಸರಿ ನೋಡೋ ಪ್ರೋಗ್ರಾಮಿಗೆ ಶ್ರಾವಣ ಗೊತ್ತಿಲ್ಲ. ಶ್ರಾವಣ ಶನಿವಾರ ಅರ್ಧ ಬೆಂಗಳೂರು ಮಾಂಸ ಮುಟ್ಟಲ್ಲ, ಗೌರಿ-ಗಣೇಶ ಮುಗಿದ ಮೇಲೆ ಅದೇ ಹೋಟೆಲ್ ಮುಂದೆ ಕ್ಯೂ ನಿಲ್ಲುತ್ತೆ, ಯುಗಾದಿ ದಿನ ಖಾಲಿ ಹೊಡೆಯೋ ಹೋಟೆಲ್ ಮರುದಿನ ಹೊಸತೊಡಕಿಗೆ ಕಾಲಿಡೋಕೆ ಜಾಗ ಇರಲ್ಲ. ಇದನ್ನ ಗಲ್ಲಾಪೆಟ್ಟಿಗೆ ಹಿಂದೆ ಕೂತ ಯಾರನ್ನ ಕೇಳಿದ್ರೂ ಹೇಳ್ತಾರೆ. ನಮ್ಮ ಆಫೀಸಿನ ಯಾರೂ ಕೇಳಿರಲಿಲ್ಲ. ಆ ಶ್ರಾವಣದಲ್ಲಿ ಎಷ್ಟು ಜನಕ್ಕೆ, ಮುಂದಿನ ಸೀಸನ್ನಿಗೆ ದುಡ್ಡು ಬೇಕಾದ ಹೊತ್ತಲ್ಲೇ, "ಸದ್ಯಕ್ಕೆ ನೀವು ಅರ್ಹರಲ್ಲ" ಅನ್ನೋ ಮೆಸೇಜು ಹೋಯ್ತು ಅಂತ ನೆನೆಸಿಕೊಂಡ್ರೆ ಈಗಲೂ ಕಸಿವಿಸಿ ಆಗುತ್ತೆ.

ಇನ್ನು ಗೌಡರ ಕಥೆ.

ಅವರದ್ದು ಬೆಂಗಳೂರಿನ ದಕ್ಷಿಣದ ಕಡೆ ಒಂದು ಸಣ್ಣ ಮಿಲಿಟರಿ ಹೋಟೆಲ್. ಮಂಡ್ಯ ಕಡೆಯವರು. ಅಡುಗೆಮನೆಗೆ ಹೊಸ ಒಲೆ, ಒಂದು ಫ್ರೀಜರ್ ಹಾಕಿಸೋಕೆ 2 ಲಕ್ಷ ತಗೊಂಡಿದ್ರು. ಮೇಲೆ 24 ಸಾವಿರ ಶುಲ್ಕ. ಒಟ್ಟು 2,24,000 ರೂಪಾಯಿ, ದಿನಕ್ಕೆ 1,400ರಂತೆ 160 ದಿನ. ತಿಂಗಳ ಕಂತಿಗೆ ಇಎಂಐ ಅಂದ ಹಾಗೆ ಈ ದಿನದ ಕಂತಿಗೆ ನಮ್ಮ ಧಂದೆಯಲ್ಲಿ ಇಡಿಐ ಅಂತಾರೆ. ದಿನಾ ಬೆಳಿಗ್ಗೆ ಅವರ ಖಾತೆಯಿಂದ ತಾನಾಗೇ ಕಟ್ ಆಗುತ್ತೆ. ಎಪ್ಪತ್ತು ದಿನ ಒಂದೂ ತಪ್ಪಿಲ್ಲದೆ ಕಟ್ಟಿದ್ರು.

2024ರ ನವೆಂಬರಿನಲ್ಲಿ ಅವರ ತಾಯಿ ತೀರ್ಕೊಂಡ್ರು. ಊರಿಗೆ ಹೋದ್ರು. ಹನ್ನೊಂದು ದಿನ ಹೋಟೆಲ್ ಬಾಗಿಲು ತೆಗೆದಿಲ್ಲ. ಖಾತೆಯಲ್ಲಿದ್ದ ದುಡ್ಡು ಕಾರ್ಯದ ಖರ್ಚಿಗೆ ಹೋಗಿದೆ. ಮೊದಲ ಮೂರು ದಿನದ ಕಂತು ಹೇಗೋ ಸಿಕ್ಕಿತು, ಮುಂದಿನ ಎಂಟು ದಿನ ಬೌನ್ಸ್. ಪ್ರತಿ ಬೌನ್ಸಿಗೆ ನಮ್ಮ ಕಡೆಯಿಂದ 200 ರೂಪಾಯಿ, ಎಂಟಕ್ಕೆ 1,600. ಅವರ ಬ್ಯಾಂಕಿನವರು ಹಾಕಿದ್ದು ಬೇರೆ. ಮೇಲಿಂದ ದಿನಾ ಬೆಳಿಗ್ಗೆ ಎರಡು ಮೆಸೇಜು, ಮಧ್ಯಾಹ್ನ ಒಂದು ರೆಕಾರ್ಡೆಡ್ ಫೋನು. ತಾಯಿಯ ಉತ್ತರಕ್ರಿಯೆಗೆ ಕೂತ ಮನುಷ್ಯನ ಜೇಬಲ್ಲಿ ಫೋನು ಹೊಡ್ಕೊಳ್ತಾ ಇದೆ, ಎತ್ತಿದರೆ "ಆತ್ಮೀಯ ಗ್ರಾಹಕರೇ" ಅಂತ ಒಂದು ಹೆಣ್ಣುದನಿ.

ವಾಪಸ್ ಬಂದು ನಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರು. ಆ ಹುಡುಗಿಗೆ ಏನು ಮಾಡಬೇಕು ಅಂತ ತಿಳೀಲಿಲ್ಲ, ಸಿಸ್ಟಮ್ಮಿನಲ್ಲಿ ದಾರಿ ಇರಲಿಲ್ಲ, ಟಿಕೆಟ್ಟು ಸುತ್ತಿ ಸುತ್ತಿ ನನ್ನ ಹತ್ತಿರ ಬಂತು. ಮೈಲಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಹೋಟೆಲ್ಲು ನನ್ನ ಮನೆಗೆ ಹೋಗೋ ದಾರಿಯಲ್ಲೇ ಇತ್ತು. ಸಂಜೆ ಹೋದೆ. ನಾನು ಸೊಪ್ಪು ತಿನ್ನೋ ಪ್ರಾಣಿ, ಒಂದು ಟೀ ಹೇಳಿದೆ. ಗೌಡರು ಸಿಟ್ಟು ಮಾಡ್ತಾರೆ ಅಂದ್ಕೊಂಡಿದ್ದೆ. ಮಾಡ್ಲಿಲ್ಲ. ತಲೆ ಬೋಳಿಸಿಕೊಂಡಿದ್ರು, ಗಲ್ಲಾಪೆಟ್ಟಿಗೆ ಹಿಂದೆ ತಾಯಿಯ ಫೋಟೋಗೆ ಹಾರ ಹಾಕಿತ್ತು. ಅವರು ಹೇಳಿದ್ದು ಇಷ್ಟೇ:

"ಪಿಗ್ಮಿ ಹುಡುಗನಾದ್ರೆ ಬಾಗ್ಲು ಹಾಕಿರೋದು ನೋಡಿ ಪಕ್ಕದಂಗ್ಡಿಲಿ ಕೇಳ್ತಿದ್ದ ಕಣಪ್ಪ. ಯಾಕೆ ಗೌಡ್ರು ಹೋಟ್ಲು ತೆಗ್ದಿಲ್ಲ ಅಂತ. ನಿಮ್ ಮಿಷಿನ್ನು ಬಂದು ಮುಚ್ಚಿದ್ ಬಾಗ್ಲು ಒದ್ದು ಹೋಗದೆ. ದಿನಾ ಬಂದು ಒದ್ದು ಹೋಗದೆ."

ಟೀ ಗಂಟಲಲ್ಲಿ ಇಳೀಲಿಲ್ಲ. ಯಾಕೆ ಅಂದ್ರೆ ಆ ಕೋಡು ನನಗೆ ಬಾಯಿಪಾಠ. ಕಂತಿನ ದಿನ ಬಂತಾ, ಕಳಿಸು. ಫೇಲ್ ಆಯ್ತಾ, ಚಾರ್ಜ್ ಹಾಕು, ಮೆಸೇಜ್ ಹಾಕು, ನಾಳೆ ಮತ್ತೆ ಕಳಿಸು. ಆ ಹನ್ನೊಂದು ದಿನವೂ ಹೋಟೆಲ್‌ನ ವ್ಯಾಪಾರ ಸೊನ್ನೆ ಅನ್ನೋದು ನಮ್ಮದೇ ಡೇಟಾಬೇಸಿನಲ್ಲಿ ಇತ್ತು! ಪಕ್ಕದ ಟೇಬಲ್ಲಿನಲ್ಲೇ ಇತ್ತು. ಹತ್ತು ಸಾಲಿನ ಕೋಡು. ಅದನ್ನ ತಿರುಗಿ ನೋಡು ಅಂತ ನಾನು ಬರೆದಿರಲಿಲ್ಲ, ಬರೀಬೇಕು ಅಂತ ನನಗೆ ಹೊಳೆದೂ ಇರಲಿಲ್ಲ. ಹೋಟ್ಲು ಮನೆಯಲ್ಲಿ ಬೆಳೆದವನು ನಾನು.

ಅಲ್ಲಿಂದ ಈಚೆಗೆ ನನ್ನ ಅಭಿಪ್ರಾಯ ಒಂದು ಕಡೆ ಗಟ್ಟಿಯಾಗಿ ಕೂತಿದೆ. ಹೋಟೆಲ್ ಸಾಲಕ್ಕೆ ದಿನಾ ಒಂದೇ ಮೊತ್ತದ ಕಂತು ಅನ್ನೋದು ತಪ್ಪು ಡಿಸೈನ್. ಅವತ್ತಿನ ವ್ಯಾಪಾರದ ಇಂತಿಷ್ಟು ಪಾಲು ಅಂತ ಇರಬೇಕು. ಗೌಡರ ಮಿಷಿನ್ನಿನ ವ್ಯಾಪಾರ ದಿನಕ್ಕೆ ಸರಾಸರಿ 14 ಸಾವಿರ. ನೂರಕ್ಕೆ ಹತ್ತು ಅಂದ್ರೆ ಅದೇ 1,400. ಮಳೆ ಬಂದು 5 ಸಾವಿರ ಆದ ದಿನ 500. ಬಾಗಿಲು ಹಾಕಿದ ದಿನ ಸೊನ್ನೆ. ಹೊಸತೊಡಕಿನ ದಿನ 4 ಸಾವಿರ ತಗೊಳ್ಳಿ, ಅವರೂ ನಗ್ತಾ ಕೊಡ್ತಾರೆ. ಇದೇನು ನಾನು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಸ್ಕ್ವೇರ್ 2014ರಲ್ಲಿ ಶುರುಮಾಡಿದ್ದು, ರೆಸ್ಟೋರೆಂಟುಗಳಿಗೇ ಅಂತ ಇರೋ ಟೋಸ್ಟ್ 2019ರಲ್ಲಿ ಶುರುಮಾಡಿದ್ದು ಇದೇ ಲೆಕ್ಕದಲ್ಲಿ, ದಿನದ ಕಾರ್ಡ್ ವ್ಯಾಪಾರದ ಒಂದು ಪಾಲು.

ಇದನ್ನ ಮೀಟಿಂಗಲ್ಲಿ ಹೇಳಿದಾಗ ರಿಸ್ಕ್ ಟೀಮಿನವರು ಒಂದು ಮಾತು ಹೇಳಿದ್ರು, ಅದನ್ನ ಮುಚ್ಚಿಟ್ಟು ಬರೆದರೆ ಮೋಸ ಆಗುತ್ತೆ. ಅಲ್ಲಿ ಕಾರ್ಡ್ ಉಜ್ಜೋದು ಅವರದೇ ಒಂದು ಮಿಷಿನ್ನಲ್ಲಿ. ಇಲ್ಲಿ ಯುಪಿಐ. ಒಂದೇ ಗಲ್ಲಾದ ಮೇಲೆ ಮೂರು ಕಂಪನಿಯ ಕ್ಯೂಆರ್ ಅಂಟಿಸಿರ್ತಾರೆ. ಪಾಲು ಕೇಳಿದ್ರೆ ಮಾರನೇ ದಿನ ನಮ್ಮ ಕ್ಯೂಆರ್ ಮೇಲೆ ಬಾಳೆಹಣ್ಣಿನ ಗೊನೆ ತೂಗುಹಾಕಿ ಪಕ್ಕದ್ದನ್ನ ತೋರಿಸ್ತಾರೆ! ಇದು ಸುಳ್ಳಲ್ಲ, ನಾನೇ ಕಂಡಿದ್ದೀನಿ. ಆದರೆ ಇದಕ್ಕೆ ಉತ್ತರ ಎಲ್ಲರನ್ನೂ ಕಳ್ಳರ ಹಾಗೆ ನೋಡೋದಾ? ಕನಿಷ್ಠ ಇಷ್ಟು ತಿಂಗಳಲ್ಲಿ ಇಷ್ಟು ಕಟ್ಟಿರಬೇಕು ಅಂತ ಒಂದು ಗೆರೆ ಹಾಕಿ, ಅದರೊಳಗೆ ದಿನದ ಏರಿಳಿತ ಬಿಡಬಹುದು. ಎಪ್ಪತ್ತು ದಿನ ತಪ್ಪದೆ ಕಟ್ಟಿದವನು ಎಪ್ಪತ್ತೊಂದನೇ ದಿನ ಓಡಿಹೋಗ್ತಾನೆ ಅಂತ ಹೇಳೋಕೆ ರಿಸ್ಕ್ ಟೀಮೇ ಬೇಕಾ?

ಇನ್ನೊಂದು ಲೆಕ್ಕ ಇದೆ. ಇದನ್ನ ಓದಿ ನಮ್ಮ ಆಫೀಸಿನವರು ನನ್ನ ಮೇಲೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. 2 ಲಕ್ಷಕ್ಕೆ 24 ಸಾವಿರ ಅಂದಾಗ ಗೌಡರು ಅಂದ್ಕೊಂಡಿದ್ದು "ನೂರಕ್ಕೆ ಹನ್ನೆರಡು, ಬ್ಯಾಂಕಿಗಿಂತ ಪರವಾಗಿಲ್ಲ" ಅಂತ. ಬ್ಯಾಂಕಿನ ಹನ್ನೆರಡು ವರ್ಷಕ್ಕೆ. ಇದು 160 ದಿನಕ್ಕೆ. ಅದೂ ಎರಡು ಲಕ್ಷ ಪೂರ್ತಿ 160 ದಿನ ಅವರ ಕೈಯಲ್ಲಿರಲ್ಲ, ಮೊದಲ ದಿನದಿಂದಲೇ ಕರಗ್ತಾ ಬರುತ್ತೆ. ಸರಿಯಾಗಿ ವರ್ಷದ ದರಕ್ಕೆ ಇಳಿಸಿದ್ರೆ ಹತ್ತತ್ತಿರ ಶೇಕಡಾ 52! ಇನ್ನೂ ತಮಾಷೆ ಅಂದ್ರೆ, ನಾನು ಹೊಗಳಿದ ಪಾಲಿನ ಲೆಕ್ಕದಲ್ಲೂ ಒಂದು ಮುಳ್ಳಿದೆ. ವ್ಯಾಪಾರ ಜೋರಾಗಿ 80 ದಿನದಲ್ಲೇ ತೀರಿಸಿಬಿಟ್ಟರೆ, ಅದೇ 24 ಸಾವಿರ ವರ್ಷಕ್ಕೆ ಶೇಕಡಾ 104ರ ಆಸುಪಾಸು ಆಗುತ್ತೆ. ಬೇಗ ಕಟ್ಟಿದವನಿಗೇ ಹೆಚ್ಚು ದರ. ಹಾಗಾಗಿ ಪಾಲಿನ ಲೆಕ್ಕ ತಂದರೆ ಬೇಗ ತೀರಿಸಿದವರಿಗೆ ಶುಲ್ಕದಲ್ಲಿ ಒಂದಿಷ್ಟು ಮುರ್ಕೊಂಡು ವಾಪಸ್ ಕೊಡೋದನ್ನೂ ಜೊತೆಗೇ ತರಬೇಕು. ಒಂದನ್ನ ಮಾತ್ರ ತಂದರೆ ಮಾವ ಹೇಳಿದ್ದೇ ನಿಜ.

ಮೀಟರ್ ಬಡ್ಡಿಗಿಂತ ಇದು ಎಷ್ಟೋ ವಾಸಿ, ಒಪ್ಪುತ್ತೀನಿ. ಅಡವಿಡೋಕೆ ಏನೂ ಇಲ್ಲದವನಿಗೆ ಎರಡು ದಿನದಲ್ಲಿ ದುಡ್ಡು ಸಿಗುತ್ತೆ, ಮನೆ ಮುಂದೆ ಬಂದು ಕೂಗಾಡೋರು ಇಲ್ಲ. 52 ಅಂತ ಗೊತ್ತಿದ್ದೂ ತಗೊಳ್ಳೋನು ತಗೊಳ್ಳಲಿ. ಗೊತ್ತಿರಬೇಕು, ನನ್ನ ತಕರಾರು ಅದಕ್ಕೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಆದೇಶ ಮಾಡಿ, ಆ ವರ್ಷದ ಅಕ್ಟೋಬರ್ 1ರಿಂದ ಇಂಥ ಸಣ್ಣ ಉದ್ಯಮಗಳ ಹೊಸ ಸಾಲಕ್ಕೂ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನ ಒಂದು ಹಾಳೆಯಲ್ಲಿ ಬರೆದುಕೊಡಬೇಕು ಅಂತ ಹೇಳಿದೆ. ಅದೂ ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ.

ಅರ್ಥವಾಗೋ ಭಾಷೆ! ಕನ್ನಡ ಬ್ಲಾಗಿಗರೇ, ಇಲ್ಲಿ ನಿಮಗೊಂದು ರಸಗವಳ ಇದೆ. ನಮ್ಮ ಆ್ಯಪಿನಲ್ಲಿ ಕನ್ನಡ ಇದೆ ಅಂತ ದೊಡ್ಡದಾಗಿ ಹೇಳ್ಕೊಳ್ತಿದ್ರು. ಒಂದಿನ ಕೂತು ಕನ್ನಡದಲ್ಲಿ ಹಾಕ್ಕೊಂಡು ಓದಿದೆ. "ಬಾಕಿ ಇರುವ ಪ್ರಾಂಶುಪಾಲರು: 1,12,000." ಪ್ರಿನ್ಸಿಪಲ್ಲನ್ನ ಯಾವುದೋ ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿದ್ದಾರೆ! ಅದರ ಕೆಳಗೆ "ನಿಮ್ಮ ಆಸಕ್ತಿ", ಅಂದ್ರೆ ಬಡ್ಡಿ. ಗೌಡರಿಗೆ 1,12,000 ಜನ ಪ್ರಾಂಶುಪಾಲರನ್ನ ತೀರಿಸೋ ಆಸಕ್ತಿ ಇದೆಯಾ ಅಂತ ಕೇಳ್ತಿದೆ ಆ್ಯಪು. ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಈ ಅವತಾರ ನೋಡಿದ ಮನುಷ್ಯ ಮಾಡೋದು ಒಂದೇ. ಕನ್ನಡ ಬೇಡ ಅಂತ ಇಂಗ್ಲಿಷಿಗೆ ಹಾಕಿ, ಓದದೆ ಕೆಳಗಿನ ಹಸಿರು ಬಟನ್ ಒತ್ತಿಬಿಡೋದು. ನಾಲ್ಕು ರಾತ್ರಿ ಕೂತು ಎಲ್ಲ ಸಾಲುಗಳನ್ನೂ ತಿದ್ದಿದೆ. ಅಸಲು, ಬಡ್ಡಿ, ಕಂತು, ಬಾಕಿ, ಮುರಿದುಕೊಂಡದ್ದು, ಜಮಾ. ಎಲ್ಲವೂ ಮಾವನ ಖಿರ್ದಿಯಲ್ಲಿದ್ದ ಶಬ್ದಗಳೇ. ಹದಿನೈದು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತ್ಯುತ್ತಮ ಇಂಜಿನಿಯರಿಂಗ್ ಕೆಲಸ ಯಾವುದು ಅಂದ್ರೆ ಅದೇ ಅಂತೀನಿ. ಅಪ್ರೈಸಲ್‌ನಲ್ಲಿ ಮಾತ್ರ "ಇತರೆ" ಅನ್ನೋ ಕಾಲಮ್ಮಿಗೆ ಹೋಯ್ತು.

ಈ ಸೀನಿಯರ್ ಅನ್ನೋ ಪದದ ಬಗ್ಗೆಯೇ ನನಗೆ ತಕರಾರು ಇದೆ. ನಮ್ಮಲ್ಲಿ ಸೀನಿಯರ್ ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಸಾವಿರ ಪೇಮೆಂಟ್ ತಡ್ಕೊಳ್ಳೋ ಸಿಸ್ಟಮ್ ಕಟ್ಟಬಲ್ಲೆ, ಯಾವ ಡೇಟಾಬೇಸ್ ಗೊತ್ತು, ಎಷ್ಟು ಜನರ ಕೋಡ್ ನೋಡ್ತೀಯ ಅಂತ. ಅದೆಲ್ಲ ಬೇಕು. ಆದರೆ ಆ ಕೆಲಸವನ್ನ ಬಟ್ಟೆ ಅಂಗಡಿ ಸಾಫ್ಟ್‌ವೇರಿನಿಂದ ಬಂದವನೂ ಮಾಡ್ತಾನೆ. ಹೋಟೆಲ್ ದುಡ್ಡಿನ ಸಾಫ್ಟ್‌ವೇರ್ ಬರೆಯೋನು ವರ್ಷಕ್ಕೆ ಎರಡು ದಿನವಾದ್ರೂ ಗಲ್ಲಾಪೆಟ್ಟಿಗೆ ಹಿಂದೆ ಕೂರಬೇಕು. ತರಕಾರಿಯವನಿಗೆ ಬೆಳಿಗ್ಗೆ ಐದಕ್ಕೆ ನಗದು ಕೊಡಬೇಕು, ಗ್ಯಾಸಿನವನು ಕಡ ಕೊಡಲ್ಲ, ಅಡುಗೆ ಭಟ್ಟರಿಗೆ ವಾರಕ್ಕೊಮ್ಮೆ ಸಂಬಳ, ಡೆಲಿವರಿ ಆ್ಯಪಿನವರ ದುಡ್ಡು ಕಮಿಷನ್ ಮುರ್ಕೊಂಡು ಆಮೇಲೆ ಬರೋದು ಅನ್ನೋದೆಲ್ಲ ಕಣ್ಣಾರೆ ಕಂಡರೆ, ಬೆಳಿಗ್ಗೆ ಆರಕ್ಕೆ ಕಂತು ಕಟ್ ಮಾಡೋ ಟೈಮರ್ ಇಡೋಕೆ ಕೈ ನಡುಗುತ್ತೆ. (ಹೌದು, ನಮ್ಮದು ಆರಕ್ಕೇ ಇತ್ತು. ಯಾಕೆ ಅಂದ್ರೆ ಆ ಹೊತ್ತಲ್ಲಿ ಸರ್ವರ್ ಖಾಲಿ ಇರುತ್ತೆ ಅಂತ.)

2025ರ ಜುಲೈನಲ್ಲಿ ಇನ್ನೊಂದು ಪಾಠ ಆಯ್ತು. ಯುಪಿಐ ಲೆಕ್ಕ ನೋಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಜಿಎಸ್‌ಟಿ ನೋಟಿಸು ಕಳಿಸಿದ್ರಲ್ಲ, ನೆನಪಿದೆಯಾ? 2021-22ರಿಂದ ಹಿಡಿದ ಲೆಕ್ಕ. ರಾತ್ರೋರಾತ್ರಿ ಬೆಂಗಳೂರಿನ ಗಲ್ಲಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನೋ ಬೋರ್ಡು ಬಂತು. ಜುಲೈ 23ಕ್ಕೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನ ಕರೆದು ಮಾತಾಡಿದ ಮೇಲೆ 25ರ ಬಂದ್ ಕೈಬಿಟ್ಟರು. ಆ ದಿನಗಳಲ್ಲಿ ನಮ್ಮ ಸ್ಕ್ರೀನಿನ ಮೇಲೆ ಎಷ್ಟೋ ಸಣ್ಣ ಹೋಟೆಲ್‌ಗಳು ಸತ್ತೇ ಹೋಗಿದ್ವು. ಸಂಜೆ ಅದೇ ಹೋಟೆಲ್ ಮುಂದೆ ಹೋದ್ರೆ ಮಿರ್ಚಿಬಜ್ಜಿಗೆ ಕೈ ಚಾಚಿ ನಿಂತ ಜನ! ನಾವು ಹೋಟೆಲ್ಲನ್ನ ನೋಡ್ತಾ ಇಲ್ಲ, ಗೋಡೆಗೆ ಅಂಟಿಸಿದ ಒಂದು ಸ್ಟಿಕ್ಕರ್‌ನ ಮೂಲಕ ಇಣುಕ್ತಾ ಇದ್ದೀವಿ ಅಂತ ನಮ್ಮ ಮ್ಯಾನೇಜರಿಗೂ ಅವತ್ತು ಅರ್ಥ ಆಯ್ತು.

ಇಷ್ಟೆಲ್ಲ ಭಾಷಣ ಬಿಗಿದು ನೀನು ಏನು ಮಾಡಿದೆ ಅಂತ ಕೇಳ್ತೀರಿ. ನ್ಯಾಯವೇ. ಪಾಲಿನ ಲೆಕ್ಕ ತರೋಕೆ ನನ್ನಿಂದ ಇನ್ನೂ ಆಗಿಲ್ಲ, ಅದಕ್ಕೆ ಹಣಕಾಸು ಸಂಸ್ಥೆಯವರು ಒಪ್ಪಬೇಕು. ಬೇಗ ತೀರಿಸಿದವರಿಗೆ ರಿಯಾಯಿತಿ ಅನ್ನೋದು ಚರ್ಚೆಯಲ್ಲೇ ಇದೆ, ಅಂದ್ರೆ ಆಗಲ್ಲ ಅಂತ ಅರ್ಥ. ಆಗಿದ್ದು ಇಷ್ಟು. ಹಿಂದಿನ ದಿನ ವ್ಯಾಪಾರ ಸೊನ್ನೆ ಇದ್ದರೆ ಮರುದಿನದ ಕಂತು ಕಳಿಸಲ್ಲ, ಕೊನೆಗೆ ಹೋಗಿ ಸೇರುತ್ತೆ, ಚಾರ್ಜು ಇಲ್ಲ. ವರ್ಷಕ್ಕೆ ಹದಿನೈದು ದಿನದವರೆಗೆ. ಬೌನ್ಸ್ ಚಾರ್ಜು ತಿಂಗಳಿಗೆ ಒಂದೇ ಸಲ. ಇದಕ್ಕೆ ಒಪ್ಪಿಸೋಕೆ ಆರು ಮೀಟಿಂಗ್ ಆಯ್ತು. ದಂಡ ಅನ್ನೋದು ಶಿಸ್ತಿಗೆ ಇರಬೇಕು, ಆದಾಯ ಹೆಚ್ಚಿಸೋ ದಾರಿ ಆಗಬಾರದು ಅಂತ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲೇ ಹೇಳಿದ್ದನ್ನ ಪ್ರಿಂಟ್ ತೆಗೆದು ಕೊಂಡುಹೋದ ಮೇಲೆ ಆರನೇ ಮೀಟಿಂಗ್ ಬೇಗ ಮುಗೀತು :-)

ಗೌಡರ 1,600 ರೂಪಾಯಿ ವಾಪಸ್ ಕೊಡೋದು ಅಂತಲೂ ತೀರ್ಮಾನ ಆಯ್ತು. ಆಗ ಗೊತ್ತಾಗಿದ್ದು ಒಂದು ವಿಚಿತ್ರ. ವಸೂಲಿ ಮಾಡೋಕೆ ನಮ್ಮ ಸಿಸ್ಟಮ್ಮಿನಲ್ಲಿ ಏಳು ದಾರಿ ಇತ್ತು. ಹಾಕಿದ ಚಾರ್ಜು ವಾಪಸ್ ಕೊಡೋಕೆ ಒಂದೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ಬರೆದಿರಲಿಲ್ಲ. ಖಿರ್ದಿಯಲ್ಲಿ ಒಂದು ಹೊಸ ಸಾಲು, "ತಪ್ಪಾಗಿ ಹಿಡಿದದ್ದು ವಾಪಸ್, ಕಾರಣ ಇಂಥದ್ದು" ಅಂತ. ಅದನ್ನ ಬರೆದು, ಟೆಸ್ಟ್ ಮಾಡಿ, ಎಲ್ಲರ ಸಹಿ ಹಾಕಿಸಿ ಮುಗಿಸೋಕೆ ನಾಲ್ಕು ತಿಂಗಳು ಹಿಡೀತು. ಅಷ್ಟರಲ್ಲಿ ಅವರ ಸಾಲವೇ ತೀರಿಹೋಗಿತ್ತು.

ದುಡ್ಡು ಜಮಾ ಆದ ದಿನ ಸಂಜೆ ಹೋಟೆಲ್ಲಿಗೆ ಹೋಗಿದ್ದೆ. ಗೌಡರು ಫೋನ್ ತೆಗೆದು ಮೆಸೇಜು ತೋರಿಸಿದ್ರು. "ನೀವೇ ಬರ್ದಿದ್ದಾ ಇದು? ಕನ್ನಡ ಸರ್ಯಾಗದೆ." ಆಮೇಲೆ ಟೀಗೆ ದುಡ್ಡು ತಗೊಂಡ್ರು, ಹದಿನೈದು ರೂಪಾಯಿ. ನಾನು ಸ್ಕ್ಯಾನ್ ಮಾಡೋಕೆ ಫೋನ್ ತೆಗೆದೆ. ಗಲ್ಲಾದ ಮೇಲಿದ್ದದ್ದು ಬೇರೆ ಕಂಪನಿಯ ಕ್ಯೂಆರ್. ನಮ್ಮದರ ಮೇಲೆ ಬಾಳೆಗೊನೆ ಇರಲಿಲ್ಲ, ನಮ್ಮದು ಇರಲೇ ಇಲ್ಲ.

ನಿಮ್ಮಲ್ಲಿ ಯಾರಾದ್ರೂ ಬ್ಯಾಂಕು, ಸಾಲ, ಪೇಮೆಂಟು ಅಂತ ಇಂಥ ಕೆಲಸದಲ್ಲಿ ಇದ್ದೀರಾ? ನಿಮ್ಮ ಕೋಡು ಬಾಗಿಲು ಹಾಕಿದ ಅಂಗಡಿ ಮುಂದೆ ಬಂದಾಗ ಏನು ಮಾಡುತ್ತೆ ಅಂತ ಒಂದ್ಸಲ ನೋಡಿ ಹೇಳಿ. ಮಂಗಳವಾರ ನಂದು ಏಳನೇ ಮೀಟಿಂಗ್ ಇದೆ, ಬೇಗ ತೀರಿಸಿದವರ ರಿಯಾಯಿತಿ ಬಗ್ಗೆ. ಎರಡು ಒಳ್ಳೆ ಉದಾಹರಣೆ ಸಿಕ್ಕಿದ್ರೆ ತಗೊಂಡುಹೋಗ್ತೀನಿ.